ಶಾಲು ಹೊದಿಸುವ ಮುನ್ನ

ಮಳೆಗಾಲವು ಹಿಂದೆ ಸರಿದು ನವರಾತ್ರಿ ಸಮೀಪಿಸಿತೆಂದರೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಸಾಹಿತ್ಯದ ಸುಗ್ಗಿ ಆರಂಭವಾಗುವುದು ವಾಡಿಕೆ. 1926ರಲ್ಲಿ ಸ್ಥಾಪಿತವಾದ ಮಾಟುಂಗದ ಮೈಸೂರು ಅಸೋಸಿಯೇಶನ್ನಿನಿಂದ ಹಿಡಿದು ಮಾಹಿಮಿನ ಕರ್ನಾಟಕ ಸಂಘದವರೆಗೆ, ಅಲ್ಲಿಂದ ಮುಂದೆ ಥಾಣೆ, ಡೊಂಬಿವಲಿ, ವಸಾಯಿ, ನವಿ ಮುಂಬಯಿಗಳವರೆಗೆ, ವಾರದಲ್ಲಿ ದೊರೆಯುವ ಒಂದೇ ಒಂದು ಬಿಡುವಿನ ದಿನವನ್ನು ಕವಿಗೋಷ್ಠಿಗೂ ಪುಸ್ತಕ ಬಿಡುಗಡೆಗೂ ಸ್ಮರಣ ಸಂಚಿಕೆಯ ಅರ್ಪಣೆಗೂ ಮೀಸಲಿಡುವ ಕನ್ನಡ ಬಾಂಧವರು ಬಹು ಮಂದಿ ಇದ್ದಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಜನರು ನುಡಿಯನ್ನು ಮಾತ್ರ ಬಿಡದೆ ಜೊತೆಯಲ್ಲಿ ಕರೆತಂದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ವಿಷಯದಲ್ಲಿ ನಮಗಿರುವ ಅಭಿಮಾನವು ಯಾರ ಅಭಿಮಾನಕ್ಕೂ ಕಡಿಮೆಯದಲ್ಲ. ಆದರೂ ಈ ಸಡಗರದ ನಡುವೆ ಒಂದು ಪ್ರಶ್ನೆಯನ್ನು ಎತ್ತದೆ ಇರುವುದು ನಮಗೆ ಸಾಧ್ಯವಾಗುತ್ತಿಲ್ಲ. ಇಷ್ಟೊಂದು ಜನರು ಬರೆಯುತ್ತಾರೆ, ಸಭೆಯಲ್ಲಿ ಓದುತ್ತಾರೆ, ಅಚ್ಚು ಹಾಕಿಸುತ್ತಾರೆ. ಇವರಲ್ಲಿ ಎಷ್ಟು ಮಂದಿಗೆ ತಮ್ಮ ಬರಹದ ಗುಣವೇನು, ದೋಷವೇನು ಎಂಬುದನ್ನು ಇನ್ನೊಬ್ಬರು ಎದುರು ಕುಳಿತು, ಪ್ರೀತಿಯಿಂದ, ದಾಕ್ಷಿಣ್ಯಕ್ಕೆ ಒಳಗಾಗದೆ ಹೇಳಿದ್ದುಂಟು?

ನಮ್ಮ ಕವಿಗೋಷ್ಠಿಗಳ ರೀತಿಯನ್ನು ವಾಚಕರು ಒಮ್ಮೆ ಗಮನಿಸಬೇಕು. ಇಪ್ಪತ್ತು ಮಂದಿ ಕವಿಗಳು, ತಲೆಗೆ ಮೂರು ನಿಮಿಷ. ಓದಿ ಮುಗಿಸಿದವರಲ್ಲಿ ಕೆಲವರು ವಿರಾರಿನ ಗಾಡಿ ತಪ್ಪೀತೆಂದು ಆಗಲೇ ಚೀಲ ಹೆಗಲಿಗೇರಿಸಿರುತ್ತಾರೆ. ಕಡೆಯಲ್ಲಿ ಅಧ್ಯಕ್ಷರು ಎದ್ದು ನಿಂತು ಇಪ್ಪತ್ತು ಕವನಗಳನ್ನೂ 'ಅರ್ಥಪೂರ್ಣ', 'ಭಾವಪೂರ್ಣ', 'ಸಮಾಜಮುಖಿ' ಎಂಬ ಮೂರು ಬಟ್ಟುಗಳಲ್ಲಿ ತೂಗಿ ಮುಗಿಸುತ್ತಾರೆ. ಬಳಿಕ ಶಾಲು, ಹಾರ, ಸ್ಮರಣಿಕೆ, ಛಾಯಾಚಿತ್ರ. ಪುಸ್ತಕ ಬಿಡುಗಡೆಯ ಕಥೆಯೂ ಬೇರೆಯಲ್ಲ. ಮುನ್ನುಡಿ ಬರೆದವರು, ಬೆನ್ನುಡಿ ಬರೆದವರು, ಬಿಡುಗಡೆ ಮಾಡುವವರು, ಪರಿಚಯಿಸುವವರು, ಎಲ್ಲರೂ ಲೇಖಕನ ಆಪ್ತರು. ಪರಿಚಯಿಸುವವರ ಕೈಗೆ ಪುಸ್ತಕ ತಲಪುವುದೇ ಅನೇಕ ವೇಳೆ ಹಿಂದಿನ ಸಂಜೆ. ಹಾಗಿರುವಾಗ ಅವರಾದರೂ ಹೊಗಳದೆ ಇನ್ನೇನು ಮಾಡಿಯಾರು? ಓದಿದವನು ಮಾತ್ರ ತಪ್ಪು ತೋರಿಸಬಲ್ಲನು. ಹೊಗಳುವುದಕ್ಕೆ ಓದಬೇಕೆಂಬ ನಿರ್ಬಂಧವಿಲ್ಲ.

ಸಭೆ ಮುಗಿದ ಮೇಲೆ ದಾದರಿನ ಪ್ಲಾಟ್‌ಫಾರಮ್ಮಿನ ಮೇಲೆ ಇನ್ನೊಂದು ಸಭೆ ಕೂಡುವುದುಂಟು. "ಅದೂ ಒಂದು ಕವನವೆ?", "ಹಣವಿದ್ದರೆ ಯಾರೂ ಕವಿಯಾಗಬಹುದು" ಎಂಬಂತಹ ನಿರ್ಣಯಗಳು ಅಲ್ಲಿ ಸರ್ವಾನುಮತದಿಂದ ಅಂಗೀಕೃತವಾಗುತ್ತವೆ. ಆ ಸಭೆಗೆ ಆಹ್ವಾನವಿಲ್ಲದವನು ಲೇಖಕನೊಬ್ಬನೇ. ಹೀಗೆ ವೇದಿಕೆಯ ಹೊಗಳಿಕೆಯಿಂದ ಅವನಿಗೆ ಬೆಳವಣಿಗೆಯಿಲ್ಲ, ಪ್ಲಾಟ್‌ಫಾರಮ್ಮಿನ ತೆಗಳಿಕೆ ಅವನ ಕಿವಿಯನ್ನು ಮುಟ್ಟುವುದಿಲ್ಲ. ಇವೆರಡರ ನಡುವೆ ಇರಬೇಕಾದ ಮೂರನೆಯ ಮಾತು, ಅಂದರೆ "ನಿನ್ನ ಕಥೆಯನ್ನು ಎರಡು ಸಲ ಓದಿದೆ, ಇಂತಲ್ಲಿ ಮನಸ್ಸು ತುಂಬಿತು, ಇಂತಲ್ಲಿ ಎಡವಿದೆ" ಎಂಬ ಮಾತು, ನಮ್ಮಲ್ಲಿ ಅಪರೂಪವಾಗಿದೆ. ಆ ಮೂರನೆಯ ಮಾತನ್ನು ಕುರಿತೇ ಇಂದಿನ ನಮ್ಮ ವಿಚಾರ.

ಇದು ಊರಿನಲ್ಲಿಯೂ ಇರುವ ರೋಗವಲ್ಲವೆ ಎಂದು ಯಾರಾದರೂ ಕೇಳಬಹುದು. ಇರಬಹುದು. ಆದರೆ ಊರಿನ ಲೇಖಕನಿಗಿರುವ ಒಂದು ಅನುಕೂಲ ಹೊರನಾಡಿನವನಿಗೆ ಇಲ್ಲ. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಪ್ರಕಟವಾದ ಪುಸ್ತಕವು ಲೇಖಕನ ಮುಖವನ್ನೇ ಕಾಣದ, ಅವನ ಹಂಗಿನಲ್ಲಿಲ್ಲದ ಓದುಗನ ಕೈಗೆ ಬೀಳುತ್ತದೆ. ಅಂತಹ ಓದುಗನು ಮೆಚ್ಚಿದರೆ ಕೊಳ್ಳುತ್ತಾನೆ, ಮೆಚ್ಚದಿದ್ದರೆ ಮುಚ್ಚಿಡುತ್ತಾನೆ; ಅದೇ ಒಂದು ವಿಮರ್ಶೆ. ಇಲ್ಲಿಯಾದರೋ ಹೆಚ್ಚಿನ ಪುಸ್ತಕಗಳು ಕೈಯಿಂದ ಕೈಗೆ, ಪರಿಚಯದವರಿಂದ ಪರಿಚಯದವರಿಗೆ, ಬಹುತೇಕ ಉಚಿತವಾಗಿಯೇ ಸಾಗುತ್ತವೆ. ಓದುವವನು ಲೇಖಕನ ಊರಿನವನು, ಸಂಘದವನು, ನಂಟ, ಇಲ್ಲವೆ ನಾಳೆ ತನ್ನ ಪುಸ್ತಕಕ್ಕೂ ಇವನನ್ನೇ ಅತಿಥಿಯಾಗಿ ಕರೆಯಬೇಕಾದವನು. ಪರಿಚಯವಿದ್ದಲ್ಲಿ ದಾಕ್ಷಿಣ್ಯವಿದೆ, ದಾಕ್ಷಿಣ್ಯವಿದ್ದಲ್ಲಿ ನಿಜ ಹೊರಬರುವುದು ಕಷ್ಟ. ಆದುದರಿಂದ ಪ್ರಾಮಾಣಿಕವಾದ ಅಭಿಪ್ರಾಯವೆಂಬುದು ಮುಂಬಯಿಯಲ್ಲಿ ತಾನಾಗಿ ಹುಟ್ಟುವ ವಸ್ತುವಲ್ಲ. ಅದನ್ನು ನಾವು ಪ್ರಯತ್ನಪೂರ್ವಕವಾಗಿ, ಒಂದು ಏರ್ಪಾಡಿನ ಮೂಲಕ, ಉಂಟುಮಾಡಿಕೊಳ್ಳಬೇಕು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದರ ಸಾರ ಇಷ್ಟೆ.

"ನಾವೇನು ದೊಡ್ಡ ಸಾಹಿತಿಗಳೆ? ಹವ್ಯಾಸಕ್ಕಾಗಿ ಬರೆಯುವವರು. ನಮಗೇಕೆ ಇಷ್ಟೆಲ್ಲ ವಿಮರ್ಶೆ?" ಎಂಬ ವಿನಯದ ಮಾತನ್ನು ನಾವು ಕೇಳಿದ್ದೇವೆ. ಆ ವಿನಯಕ್ಕೆ ಈ ಊರಿನಲ್ಲಿ ಆಧಾರವಿಲ್ಲ. ಮುಂಬಯಿಯ ಕನ್ನಡ ಸಾಹಿತ್ಯವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಹಗಲು ಬೇರೊಂದು ಕಸುಬಿನಲ್ಲಿ ದುಡಿದವರೇ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞಾನದಲ್ಲಿ ಪರಿಣತರಾಗಿ ಕಂಪನಿಯ ಉದ್ಯೋಗದಲ್ಲಿದ್ದವರು. 1979ರಲ್ಲಿ 'ಶಿಕಾರಿ' ಹೊರಬಂದಿತು, 'ಕಥೆಯಾದಳು ಹುಡುಗಿ'ಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವ್ಯಾಸರಾಯ ಬಲ್ಲಾಳರು ಉದ್ಯೋಗದಲ್ಲಿದ್ದುಕೊಂಡೇ ಕಾದಂಬರಿಗಳನ್ನು ಬರೆದರು. 1986ರಲ್ಲಿ 'ಬಂಡಾಯ' ಅದೇ ಪ್ರಶಸ್ತಿಯನ್ನು ಪಡೆಯಿತು. ವ್ಯಾಸರಾವ್ ನಿಂಜೂರರು ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಜಯಂತ ಕಾಯ್ಕಿಣಿಯವರು ಈ ನಗರದಲ್ಲಿದ್ದಷ್ಟು ಕಾಲ ಔಷಧ ಕಂಪನಿಯ ನೌಕರಿಯಲ್ಲಿದ್ದರು. ಹಾಗೆ ನೋಡಿದರೆ ಇವರೆಲ್ಲರೂ ಹವ್ಯಾಸಿಗಳೇ. ಹವ್ಯಾಸಿ ಎಂಬ ಪದವು ಅನ್ನದ ಮೂಲವನ್ನು ಹೇಳುತ್ತದೆ, ಬರಹದ ಮಟ್ಟವನ್ನು ಹೇಳುವುದಿಲ್ಲ. ಅದನ್ನು ರಿಯಾಯಿತಿಯ ಚೀಟಿಯೆಂದು ಭಾವಿಸಿದ ದಿನವೇ ಬರಹದ ಬೆಳವಣಿಗೆ ನಿಂತಿತೆಂದು ತಿಳಿಯಬೇಕು.

ಇನ್ನೊಂದು ಸಂಗತಿಯಿದೆ, ಹೇಳುವುದಕ್ಕೆ ಸಂಕಟವಾದರೂ ಹೇಳದೆ ವಿಧಿಯಿಲ್ಲ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳೂ ನಮ್ಮ ಸಂಸ್ಥೆಗಳು ಕಷ್ಟಪಟ್ಟು ಕಟ್ಟಿದ ಕನ್ನಡ ಶಾಲೆಗಳೂ ಮಕ್ಕಳಿಲ್ಲದೆ ಬಡವಾಗಿವೆ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಅಕ್ಷರ ಕೊಟ್ಟ ರಾತ್ರಿ ಶಾಲೆಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಇಂದು ಇಲ್ಲಿ ಕನ್ನಡದಲ್ಲಿ ಬರೆಯುವ ಅನೇಕರ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡಿಯಾರು, ಆದರೆ ತಂದೆಯ ಪುಸ್ತಕವನ್ನು ಓದಲಾರರು. ಅಂತಹ ಲೇಖಕನಿಗೆ ಮನೆಯಲ್ಲಿ ಓದುಗರಿಲ್ಲ, ಊರು ದೂರ. ಅವನ ಬರಹವನ್ನು ನಿಜವಾಗಿ ಓದಬಲ್ಲವರು ಈ ನಗರದಲ್ಲಿ ಅವನ ಸಹಲೇಖಕರು ಮಾತ್ರ. ಅವರೂ ಓದದೆ ಶಾಲು ಹೊದಿಸಿ ಕಳುಹಿಸಿದರೆ ಆ ಬರಹವನ್ನು ಯಾರೂ ಓದಿದಂತಾಗಲಿಲ್ಲ. ಹೊಗಳಿಸಿಕೊಂಡು ಮನೆಗೆ ಹೋದ ಮನುಷ್ಯನು ತನ್ನ ಐದನೆಯ ಪುಸ್ತಕವನ್ನೂ ಮೊದಲನೆಯದರಂತೆಯೇ ಬರೆಯುತ್ತಾನೆ. ಇನ್ನೊಬ್ಬನು, ಹೆಚ್ಚು ಸೂಕ್ಷ್ಮನಾದವನು, ಹೊಗಳಿಕೆಯ ಟೊಳ್ಳನ್ನು ಅರಿತು ಬರೆಯುವುದನ್ನೇ ಬಿಡುತ್ತಾನೆ. ಎರಡೂ ನಷ್ಟವೇ.

ತಿದ್ದುವುದು ನಮ್ಮ ಸಂಸ್ಕೃತಿಗೆ ಹೊರಗಿನದೆಂದು ಯಾರೂ ತಿಳಿಯಬೇಕಾಗಿಲ್ಲ. ಇಂದು ದೊರೆಯುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು ಯಾವುದು? ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'. ಅದು ಕಾವ್ಯವನ್ನು ಬರೆಯುವವರಿಗೆ ದಾರಿ ತೋರಿಸುವ ಗ್ರಂಥ. ಅದರ ಮೊದಲ ಪರಿಚ್ಛೇದವೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ನಿರ್ಣಯಕ್ಕೆ ಮೀಸಲಾಗಿದೆ. ಶ್ರೀವಿಜಯನು ಬರಿದೆ "ಇದು ತಪ್ಪು" ಎಂದು ಗದರಿಸಿ ಮುಂದೆ ಹೋಗುವವನಲ್ಲ. ದೋಷವಿರುವ ಪದ್ಯವನ್ನು ಮುಂದಿಟ್ಟು, ಅದನ್ನು ಹೀಗೆ ಹೇಳಿದ್ದರೆ ಸರಿಯಾಗುತ್ತಿತ್ತೆಂದು ತಿದ್ದಿದ ರೂಪವನ್ನೂ ಪಕ್ಕದಲ್ಲಿ ಕೊಡುತ್ತಾನೆ. ಕಣ್ಣಿಗೆ ಹಚ್ಚಿದ ಕಾಡಿಗೆಯನ್ನು ಆ ಕಣ್ಣೇ ಕಾಣಲಾರದು. ಹಾಗೆಯೇ ಬರೆದವನಿಗೆ ತನ್ನ ದೋಷ ಕಾಣುವುದಿಲ್ಲ, ಆದುದರಿಂದ ಬಲ್ಲವರಿಗೆ ತೋರಿಸಬೇಕು ಎಂಬ ಆಶಯದ ಮಾತನ್ನೂ ಅವನು ಹೇಳಿದ್ದಾನೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡದ ಲೇಖಕರಿಗೆ ದೊರೆತ ಮೊದಲ ಉಪದೇಶಗಳಲ್ಲಿ ಇದು ಒಂದು. ನಾವು ಅದನ್ನು ಮರೆತು "ಹೆತ್ತವರಿಗೆ ಹೆಗ್ಗಣ ಮುದ್ದು" ಎಂಬ ಗಾದೆಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದ್ದೇವೆ.

ಸಕಾಲದಲ್ಲಿ ಬಂದ ಒಂದು ಮಾತು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಕುವೆಂಪು ಅವರ ಜೀವನದಲ್ಲಿಯೇ ನಿದರ್ಶನವಿದೆ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದರು. 1922ರಲ್ಲಿ ಅವರ ಇಂಗ್ಲಿಷ್ ಕವನಗಳ ಪುಸ್ತಿಕೆಯೂ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪನವರು ಅವುಗಳನ್ನು ತೋರಿಸಿದರು. ಕಸಿನ್ಸರು ಓದಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದರು. ಮೆಚ್ಚುಗೆಯನ್ನು ನಿರೀಕ್ಷಿಸಿ ಹೋದ ತರುಣನಿಗೆ ಆ ಮಾತು ಸಿಹಿಯಾಗಿ ಕೇಳಿಸುವುದು ಹೇಗೆ ಸಾಧ್ಯ? ಆದರೆ ಆ ಬಳಿಕ ಅವರು ಹಿಡಿದ ದಾರಿ ಯಾವುದೆಂಬುದನ್ನು ಕನ್ನಡಿಗರಿಗೆ ತಿಳಿಸಿಹೇಳಬೇಕಾಗಿಲ್ಲ. ಕಸಿನ್ಸರು ಹೊಗಳಿ ಬೆನ್ನು ತಟ್ಟಿ ಕಳುಹಿಸಿದ್ದರೆ ಅವರಿಗೇನೂ ನಷ್ಟವಿರಲಿಲ್ಲ. ನಷ್ಟವಾಗುತ್ತಿದ್ದುದು ನಮಗೆ.

ಇಲ್ಲಿ 'ಸಕಾಲ' ಎಂಬ ಪದಕ್ಕೆ ನಾವು ವಿಶೇಷವಾದ ಒತ್ತು ಕೊಡುತ್ತೇವೆ. ಹೋಟೆಲಿನ ವ್ಯವಹಾರದಲ್ಲಿ ಹಲವು ವರ್ಷ ಕಳೆದ ಮೇಲೆ ಸಂಪಾದಕನ ಕುರ್ಚಿಯಲ್ಲಿ ಕುಳಿತ ನಮಗೆ ಅಡುಗೆಮನೆಯ ಹೋಲಿಕೆಯೇ ಮೊದಲು ನೆನಪಾಗುವುದನ್ನು ವಾಚಕರು ಮನ್ನಿಸಬೇಕು. ಸಾಂಬಾರಿನ ರುಚಿ ನೋಡುವುದು ಅದು ಒಲೆಯ ಮೇಲಿರುವಾಗ. ಹುಳಿ ಹೆಚ್ಚಾದರೆ ಬೇಳೆ ಸೇರಿಸಬಹುದು, ಉಪ್ಪು ಸಾಲದಿದ್ದರೆ ಹಾಕಬಹುದು. ಗಿರಾಕಿಯ ಮೇಜಿಗೆ ಹೋದ ಮೇಲೆ ರುಚಿ ನೋಡಿ ಪ್ರಯೋಜನವೇನು? ನಮ್ಮ ಸಾಹಿತ್ಯ ಸಭೆಗಳಲ್ಲಿ ಅಪರೂಪಕ್ಕೊಮ್ಮೆ ನಡೆಯುವ ನಿಜವಾದ ವಿಮರ್ಶೆಯೂ ಪುಸ್ತಕ ಅಚ್ಚಾಗಿ, ಹಣ ಖರ್ಚಾಗಿ, ನೆಂಟರಿಷ್ಟರೆಲ್ಲರೂ ಬಂದು ಕುಳಿತ ದಿನ ನಡೆಯುತ್ತದೆ. ಆ ದಿನ ಮಗುವಿನ ನಾಮಕರಣದಂತೆ. ತೊಟ್ಟಿಲ ಬಳಿ ನಿಂತು ಮಗುವಿನ ಮೂಗು ಸೊಟ್ಟ ಎನ್ನುವವನನ್ನು ಯಾರೂ ವಿಮರ್ಶಕನೆನ್ನುವುದಿಲ್ಲ. ಆದುದರಿಂದ ಬಿಡುಗಡೆಯ ದಿನ ಹೊಗಳುವವರನ್ನು ನಾವು ದೂಷಿಸುವುದಿಲ್ಲ; ಶಾಲು ಅಲ್ಲಿಗೆ ಯೋಗ್ಯವೇ. ನಮ್ಮ ಮಾತಿರುವುದು ಅದಕ್ಕಿಂತ ಆರು ತಿಂಗಳು ಹಿಂದಿನ ಹಸ್ತಪ್ರತಿಯ ವಿಷಯದಲ್ಲಿ. ಹಿಂದೆ ಕೈಬರಹದ ಪತ್ರಿಕೆಗಳಲ್ಲಿ ಈ ಕ್ರಮ ತಾನಾಗಿಯೇ ಇತ್ತು. ಒಂದೇ ಪ್ರತಿಯ ಪತ್ರಿಕೆ. ದುಂಡಗಿನ ಅಕ್ಷರದ ಒಬ್ಬ ಹುಡುಗನು ಎಲ್ಲರ ಬರಹಗಳನ್ನೂ ನಕಲು ಮಾಡಬೇಕು. ತಪ್ಪು ಉಳಿದರೆ ಇಡೀ ಪುಟವನ್ನೇ ಮತ್ತೆ ಬರೆಯಬೇಕು. ಆದುದರಿಂದ ಮೇಷ್ಟರು ಮೊದಲೇ ಕೂಡಿಸಿಕೊಂಡು ಓದುವುದು, ತಿದ್ದುವುದು ಅನಿವಾರ್ಯವಾಗಿತ್ತು. ಇಂದು ಅಚ್ಚು ಸುಲಭವಾಗಿದೆ. ಸುಲಭವಾದಷ್ಟೂ ಓದದೆ ಅಚ್ಚಾಗುವುದೂ ಹೆಚ್ಚಾಗಿದೆ.

ಹಾಗಾದರೆ ಅಭಿಪ್ರಾಯವನ್ನು ಹೇಳುವುದು ಹೇಗೆ? ಈ ವಿಷಯದಲ್ಲಿ ಕೆಲವು ಮಾತುಗಳನ್ನು ಸೂಚಿಸಬಯಸುತ್ತೇವೆ.

ಮೊದಲನೆಯದಾಗಿ, ಸ್ಥಳವನ್ನು ತೋರಿಸಿ ಹೇಳತಕ್ಕದ್ದು. "ಶೈಲಿ ಪಕ್ವವಾಗಿಲ್ಲ", "ಇನ್ನಷ್ಟು ಆಳಕ್ಕೆ ಇಳಿಯಬೇಕು" ಎಂಬ ಮಾತುಗಳಿಂದ ಬರೆಯುವವನಿಗೆ ಕಾಸಿನ ಪ್ರಯೋಜನವಿಲ್ಲ. "ಮೂರನೆಯ ಪುಟದಲ್ಲಿ ಊರಿನಿಂದ ತಾಯಿಯ ಕಾಗದ ಬರುತ್ತದೆ. ಅದರಲ್ಲಿ ಏನಿದೆಯೆಂದು ನಾನು ಕಾತರದಿಂದ ಕಾದಿದ್ದೆ. ನೀವು ಕಾಗದವನ್ನು ಒಡೆಯುವ ಮುನ್ನ ಒಂದು ಪುಟದಷ್ಟು ಸೂರ್ಯಾಸ್ತವನ್ನು ವರ್ಣಿಸಿದಿರಿ, ಅಲ್ಲಿ ನನ್ನ ಮನಸ್ಸು ಕಥೆಯಿಂದ ಹೊರಬಂದಿತು" ಎಂದು ಹೇಳಿದರೆ ಅವನು ಆ ರಾತ್ರಿಯೇ ಕುಳಿತು ತಿದ್ದಬಲ್ಲನು. ಗುಣದ ವಿಷಯದಲ್ಲಿಯೂ ಇದೇ ನಿಯಮ. ಯಾವ ಸಾಲು ಮನಸ್ಸಿನಲ್ಲಿ ನಿಂತಿತೆಂಬುದನ್ನು ಬೆರಳಿಟ್ಟು ತೋರಿಸಬೇಕು. ತನ್ನ ಶಕ್ತಿ ಎಲ್ಲಿದೆಯೆಂಬುದು ಹೊಸ ಲೇಖಕನಿಗೆ ಅನೇಕ ವೇಳೆ ತಿಳಿದಿರುವುದಿಲ್ಲ.

ಎರಡನೆಯದಾಗಿ, ಬರೆದುದನ್ನು ನೋಡುವಂತೆಯೇ ಬರೆಯದೆ ಬಿಟ್ಟುದನ್ನೂ ನೋಡಬೇಕು. ನಮ್ಮ ಕಚೇರಿಗೆ ಬರುವ ಕಥೆಗಳಲ್ಲಿ ಊರೆಂದರೆ ಸದಾ ತೆಂಗು-ಕಂಗುಗಳ ನೆರಳು, ಕಂಬಳ, ಭೂತದ ಕೋಲ. ಮುಂಬಯಿಯೆಂದರೆ ಸದಾ ಮೋಸ, ಕೊನೆಗೊಂದು ರೈಲು ಅಪಘಾತ. ಅದನ್ನು ಬರೆದ ಮನುಷ್ಯನು ಇಪ್ಪತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವನಾಗಿರುತ್ತಾನೆ. ಭಾಂಡುಪಿನ ಚಾಳಿನಲ್ಲಿ ನೀರು ಯಾವ ಗಳಿಗೆಗೆ ಬರುತ್ತದೆ, ಆಗ ಯಾರ ಕೊಡ ಮೊದಲು ನಿಲ್ಲುತ್ತದೆ, ಬೇಸಿಗೆಯಲ್ಲಿ ಹೋಟೆಲಿನ ಮಾಳಿಗೆಯ ಮೇಲೆ ಮಲಗಿದ ಹುಡುಗರು ಏನು ಮಾತನಾಡುತ್ತಾರೆ, ಇವೆಲ್ಲವೂ ಅವನಿಗೆ ಗೊತ್ತು. ಕಥೆಯಲ್ಲಿ ಮಾತ್ರ ಒಂದೂ ಇಲ್ಲ. ಅದು ಸಾಹಿತ್ಯಕ್ಕೆ ತಕ್ಕ ವಸ್ತುವಲ್ಲವೆಂದು ಅವನು ತಿಳಿದಿದ್ದಾನೆ. "ನಿನಗೆ ಗೊತ್ತಿರುವುದನ್ನು ಏಕೆ ಬರೆಯಲಿಲ್ಲ?" ಎಂದು ಅವನನ್ನು ಕೇಳುವವನೇ ಅವನಿಗೆ ನಿಜವಾದ ಉಪಕಾರ ಮಾಡಿದವನು.

ಮೂರನೆಯದು ಭಾಷೆಯ ವಿಷಯ. ಈ ನಗರದ ಕನ್ನಡ ಬರಹಗಾರರಲ್ಲಿ ಮನೆಮಾತು ತುಳುವಾಗಿರುವವರಿದ್ದಾರೆ, ಕೊಂಕಣಿಯಾಗಿರುವವರಿದ್ದಾರೆ. ಕುಂದಾಪುರದ ಕನ್ನಡ, ಹವ್ಯಕರ ಕನ್ನಡ, ಧಾರವಾಡದ ಕನ್ನಡ, ಸೊಲ್ಲಾಪುರದ ಗಡಿಯ ಕನ್ನಡ ಆಡುವವರಿದ್ದಾರೆ. ಒಬ್ಬರ ಆಡುನುಡಿಯನ್ನು ಇನ್ನೊಬ್ಬರು ವ್ಯಾಕರಣದೋಷವೆಂದು ಕೆಂಪು ಶಾಯಿಯಲ್ಲಿ ಕೊರೆಯುವುದುಂಟು. ಇದು ತಿದ್ದುವಿಕೆಯಲ್ಲ, ತನ್ನ ಊರನ್ನು ಇನ್ನೊಬ್ಬನ ಮೇಲೆ ಹೇರುವುದು. ಪುನಃ ಶ್ರೀವಿಜಯನನ್ನೇ ನೆನೆಯೋಣ. ಅವನು ಕನ್ನಡವನ್ನು ಬಹುವಚನದಲ್ಲಿ ಕಂಡವನು. ದೇಸಿಯು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷಗಳನ್ನೆಲ್ಲ ಇಷ್ಟೆಂದು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತೆಂದವನು. ಒಂಬತ್ತನೆಯ ಶತಮಾನದವನಿಗಿದ್ದ ಈ ಔದಾರ್ಯವು ಲೋಕಲ್ ಗಾಡಿಯಲ್ಲಿ ಐದು ಭಾಷೆಗಳನ್ನು ಕೇಳುತ್ತ ಬದುಕುವ ನಮಗೆ ಇರಬೇಡವೆ?

ನಾಲ್ಕನೆಯದಾಗಿ, ಬರಹವನ್ನು ಕುರಿತ ಮಾತು ಬರೆದವರ ಮೈಮೇಲೆ ಹೋಗತಕ್ಕದ್ದಲ್ಲ. ನಮ್ಮ ಬಹುಪಾಲು ಸಂಘಗಳು ಸಮಾಜಗಳ ಆಧಾರದ ಮೇಲೆ ಕಟ್ಟಲ್ಪಟ್ಟವು. ಅವು ವಿದ್ಯಾರ್ಥಿಗಳಿಗೆ ಸಹಾಯ ಮಾಡಿವೆ, 'ಮೊಗವೀರ', 'ಅಕ್ಷಯ', 'ಬಂಟರವಾಣಿ'ಗಳಂತಹ ಪತ್ರಿಕೆಗಳ ಮೂಲಕ ಅಸಂಖ್ಯ ಕಥೆ-ಕವನಗಳಿಗೆ ಎಡೆ ಕೊಟ್ಟಿವೆ. ಆ ಉಪಕಾರ ದೊಡ್ಡದು. ಆದರೆ ಒಬ್ಬನ ಕಥೆಯಲ್ಲಿ ಕುಂದು ತೋರಿಸಿದರೆ ಅವನ ಸಮಾಜಕ್ಕೇ ಕುಂದು ತಂದಂತೆ ಭಾವಿಸುವ ಒಂದು ಚಟವೂ ಇದರ ಜೊತೆಗೇ ಬೆಳೆದಿದೆ. ಲೇಖಕಿಯರ ಪಾಡು ಇನ್ನೂ ವಿಚಿತ್ರ. ಅವರ ಕಥೆಯ ನಾಯಕಿ ಮನೆ ಬಿಟ್ಟು ಹೋದರೆ, ಕಥೆ ಹೇಗಿದೆಯೆಂದು ಯಾರೂ ಕೇಳುವುದಿಲ್ಲ, "ಮನೆಯಲ್ಲಿ ಎಲ್ಲ ಸರಿಯಾಗಿದೆಯೆ?" ಎಂದು ಕೇಳುತ್ತಾರೆ. ಮುಂಬಯಿಯ ಲೇಖಕಿಯರು 'ಸೃಜನಾ' ಎಂಬ ತಮ್ಮದೇ ಬಳಗವನ್ನು ಕಟ್ಟಿಕೊಂಡುದರ ಮಹತ್ವವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಬರಹವನ್ನು ಬರಹವಾಗಿ ಓದುವ ಕೇಳುಗರು ಎಲ್ಲರಿಗೂ ಬೇಕು.

ಹೇಳುವವನಿಗೆ ಇಷ್ಟು ಕರ್ತವ್ಯಗಳಿದ್ದರೆ ಕೇಳುವವನಿಗೂ ಕೆಲವು ಇವೆ. ಅಭಿಪ್ರಾಯವನ್ನು ಬೇಡಿ ಹೋದವನು ಮೊದಲು ಮೌನವಾಗಿ ಕೇಳಬೇಕು. "ನಾನು ಅಲ್ಲಿ ಹೇಳಬಯಸಿದ್ದು ಬೇರೆ" ಎಂದು ವಕೀಲಿ ಮಾಡತೊಡಗಿದೊಡನೆ ಎದುರಿನವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಪುಸ್ತಕವು ಓದುಗನ ಮನೆಗೆ ಹೋದಾಗ ವಿವರಣೆ ಕೊಡಲು ಲೇಖಕನು ಜೊತೆಯಲ್ಲಿ ಹೋಗುವುದಿಲ್ಲವಷ್ಟೆ. ಇನ್ನು, ಕೇಳಿದುದನ್ನೆಲ್ಲ ಒಪ್ಪಬೇಕೆಂದೂ ಇಲ್ಲ. ಗಿರಾಕಿ "ಸಾರು ಸಪ್ಪೆ" ಎನ್ನುತ್ತಾನೆ; ಅನುಭವಿಯಾದ ಅಡುಗೆಯವನಿಗೆ ಉಪ್ಪು ಸರಿಯಾಗಿದೆ, ಒಗ್ಗರಣೆ ಮಾತ್ರ ಹಸಿಯೆಂದು ಗೊತ್ತಾಗುತ್ತದೆ. ಎಲ್ಲಿಯೋ ತಪ್ಪಿದೆಯೆಂಬ ಗಿರಾಕಿಯ ಮಾತು ನಿಜ. ಯಾವುದನ್ನು ಸರಿಪಡಿಸಬೇಕೆಂಬ ತೀರ್ಮಾನ ಅಡುಗೆಯವನದು. ಮೂವರು ಓದುಗರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆಯೆಂದು ತಿಳಿಯಬೇಕು, ಅವರು ಸೂಚಿಸಿದ ಮೂರು ಉಪಾಯಗಳೂ ಬೇರೆಬೇರೆಯಾಗಿದ್ದರೂ ಸರಿಯೆ. ಒಬ್ಬನು ಮಾತ್ರ ಎಡವಿದ್ದರೆ ಅದು ಅವನ ರುಚಿಯಿರಬಹುದು, ಯೋಚಿಸಿ ಬಿಟ್ಟುಬಿಡಬಹುದು.

ಟಿ. ಎಸ್. ಎಲಿಯಟ್ಟನು ಲಂಡನ್ನಿನ ಬ್ಯಾಂಕೊಂದರಲ್ಲಿ ನೌಕರನಾಗಿದ್ದುಕೊಂಡು ಕವಿತೆ ಬರೆಯುತ್ತಿದ್ದವನು. ಆ ಅರ್ಥದಲ್ಲಿ ಅವನೂ ನಮ್ಮವನೇ. 1922ರಲ್ಲಿ ಪ್ರಕಟವಾದ ಅವನ 'ದಿ ವೇಸ್ಟ್ ಲ್ಯಾಂಡ್' ಕವಿತೆಯ ಹಸ್ತಪ್ರತಿಯನ್ನು ಗೆಳೆಯ ಎಜ್ರಾ ಪೌಂಡನು ಓದಿ ಪುಟಗಟ್ಟಲೆ ಕತ್ತರಿಸಿದನು. ಆ ತಿದ್ದುಪಡಿಗಳೊಡನೆ ಹಸ್ತಪ್ರತಿಯು 1971ರಲ್ಲಿ ಅಚ್ಚಾದುದರಿಂದ ಯಾರು ಏನು ತಿದ್ದಿದರೆಂಬುದನ್ನು ಇಂದು ಲೋಕವೇ ನೋಡಬಹುದು. ಎಲಿಯಟ್ಟನು ಹೆಚ್ಚಿನದನ್ನು ಒಪ್ಪಿದನು, ಕೆಲವನ್ನು ನಿರಾಕರಿಸಿದನು, ತರುವಾಯ ಕವಿತೆಯನ್ನು ಪೌಂಡನಿಗೇ ಅರ್ಪಿಸಿದನು. ತಿದ್ದಿಸಿಕೊಂಡುದರಿಂದ ಕವಿತೆ ಪೌಂಡನದಾಗಲಿಲ್ಲ. ಎಲಿಯಟ್ಟನ ಕೀರ್ತಿಗೆ ಕುಂದೂ ಬರಲಿಲ್ಲ.

ತಿದ್ದುವವರ ಅಧಿಕಾರ ಮಿತಿಮೀರುವ ಅಪಾಯವನ್ನು ನಾವು ಮರೆತಿಲ್ಲ. ಅದರ ಪಾಠವೂ ಇದೇ ನಗರದಲ್ಲಿ, ನೆರೆಯ ಮರಾಠಿ ಬಾಂಧವರಲ್ಲಿ ಇದೆ. ಗಿರಗಾಂವದ ಮೌಜ್ ಪ್ರಕಾಶನದಿಂದ ಹೊರಡುತ್ತಿದ್ದ 'ಸತ್ಯಕಥಾ' ಮಾಸಿಕವು ಶ್ರೀ. ಪು. ಭಾಗವತ್, ರಾಮ್ ಪಟವರ್ಧನ್ ಅವರ ಸಂಪಾದಕತ್ವದಲ್ಲಿ ಒಂದೊಂದು ಕಥೆಯ ವಿಷಯವಾಗಿಯೂ ಲೇಖಕರೊಡನೆ ದೀರ್ಘವಾಗಿ ಪತ್ರವ್ಯವಹಾರ ನಡೆಸಿ, ಮತ್ತೆ ಬರೆಸಿ, ಮರಾಠಿ ಕಥೆಯ ಮಟ್ಟವನ್ನು ಎತ್ತರಿಸಿತು. ನಮ್ಮ ಧಾರವಾಡದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಜಿ. ಎ. ಕುಲಕರ್ಣಿಯವರ ಮರಾಠಿ ಕಥೆಗಳಿಗೂ ಅದು ವೇದಿಕೆಯಾಗಿತ್ತು. ಆದರೆ ಕಾಲಕ್ರಮದಲ್ಲಿ ಒಂದೇ ಬಗೆಯ ರುಚಿಗೆ ಮಾತ್ರ ಅಲ್ಲಿ ಬಾಗಿಲು ತೆರೆಯುತ್ತದೆಂಬ ಅಸಮಾಧಾನ ಬೆಳೆದು, 1969ರಲ್ಲಿ ಕೆಲವು ತರುಣ ಲೇಖಕರು ಆ ಪತ್ರಿಕೆಯ ಪ್ರತಿಯನ್ನು ಬಹಿರಂಗವಾಗಿ ಸುಟ್ಟು ಪ್ರತಿಭಟಿಸಿದರು. 1982ರಲ್ಲಿ ಪತ್ರಿಕೆ ನಿಂತಿತು. ಈ ಇತಿಹಾಸದಿಂದ ನಾವು ಎರಡನ್ನೂ ಕಲಿಯಬೇಕು. ತಿದ್ದುವವರಿಲ್ಲದೆ ಮಟ್ಟ ಏರದು. ತಿದ್ದುವ ಕೈ ಒಂದೇ ಆದರೆ ಬಾಗಿಲು ಗೋಡೆಯಾಗುತ್ತದೆ. ಆದುದರಿಂದ ಓದುವವರು ಹಲವರಿರಬೇಕು, ಬದಲಾಗುತ್ತಿರಬೇಕು, ಕಾರಣ ಕೊಟ್ಟು ಮಾತನಾಡಬೇಕು, ಕಡೆಯ ಮಾತು ಲೇಖಕನದೇ ಆಗಿರಬೇಕು.

"ಮೊಳಕೆಯೊಡೆಯುವ ಸಸಿಗಳು, ಕಟುವಾದ ಮಾತಿನಿಂದ ಬಾಡಿಹೋದಾವು" ಎಂದು ಹಿರಿಯರು ಕೆಲವರು ಆತಂಕಪಡುತ್ತಾರೆ. ಕಟುವಾಗಿ ಮಾತನಾಡಿರೆಂದು ನಾವು ಎಲ್ಲಿಯೂ ಹೇಳಿಲ್ಲ. ನಮ್ಮವರಿಗೆ ತಾಳಮದ್ದಳೆಯ ಪರಿಚಯವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾದಕ್ಕೆ ಮಲ್ಪೆ ರಾಮದಾಸ ಸಾಮಗರ ಪ್ರತಿವಾದವನ್ನು ಕೇಳಲು ನಿದ್ದೆಗೆಟ್ಟು ಕುಳಿತ ಜನ ನಾವು. ಎದುರು ಪಾತ್ರಧಾರಿ ನಮ್ಮ ಮಾತಿನ ಸಡಿಲಾದ ಎಳೆಯನ್ನು ಹಿಡಿದು ಎಳೆದರೆ ಅದನ್ನು ದ್ವೇಷವೆನ್ನುತ್ತೇವೆಯೆ? ಅವನು ಎಳೆಯದಿದ್ದರೆ ಪ್ರಸಂಗವೇ ನೀರಸ. ಬೆಳಗಾದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಾರೆ. ಅರ್ಥಗಾರಿಕೆಯಲ್ಲಿ ಸಹಜವೆನಿಸಿದ ಈ ಸಂಸ್ಕಾರವು ಕಥೆ-ಕವನಗಳ ವಿಷಯದಲ್ಲಿ ಮಾತ್ರ ಏಕೆ ಅಸಾಧ್ಯವಾಗಬೇಕು?

ಬರಿಯ ಉಪದೇಶದಿಂದ ಯಾವ ಕಾರ್ಯವೂ ಆಗದು. ಆದುದರಿಂದ ಒಂದು ಸಣ್ಣ ಏರ್ಪಾಡನ್ನು ನಮ್ಮ ಸಂಘ-ಸಂಸ್ಥೆಗಳ ಮುಂದಿಡುತ್ತೇವೆ. ತಿಂಗಳಿಗೆ ಒಂದು ಭಾನುವಾರ, ಸಂಘದ ಒಂದು ಕೋಣೆ, ಎಂಟು-ಹತ್ತು ಮಂದಿ. ಆ ದಿನಕ್ಕೆ ಎರಡೇ ಬರಹಗಳು, ಅಚ್ಚಾಗದವು. ಅವುಗಳ ಪ್ರತಿಗಳು ಒಂದು ವಾರ ಮುಂಚೆ ಎಲ್ಲರ ಕೈಸೇರಿರಬೇಕು. ಓದದೆ ಬಂದವರಿಗೆ ಮಾತಿಲ್ಲ, ಚಹಾ ಉಂಟು. ಪ್ರತಿಯೊಬ್ಬರೂ ಮೊದಲು ತಮಗೆ ಅರ್ಥವಾದುದೇನೆಂಬುದನ್ನು ಹೇಳಬೇಕು. ಆಮೇಲೆ ಮೆಚ್ಚಿದ ಒಂದು ಜಾಗ, ಎಡವಿದ ಒಂದು ಜಾಗ. ಲೇಖಕನು ಅಲ್ಲಿಯವರೆಗೆ ಮೌನವಾಗಿದ್ದು ಕಡೆಯಲ್ಲಿ ಬೇಕಾದರೆ ಪ್ರಶ್ನೆ ಕೇಳಬಹುದು. ವೇದಿಕೆ ಬೇಡ, ಅಧ್ಯಕ್ಷರು ಬೇಡ, ಛಾಯಾಚಿತ್ರ ಬೇಡ, ವರದಿಯೂ ಬೇಡ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳನ್ನೂ ಇದಕ್ಕೆ ಕರೆಯಬಹುದು. ಹೋಟೆಲಿನ ಕಾರ್ಮಿಕನ ಕಥೆಯನ್ನು ಎಂ. ಎ. ಓದುವವಳು ತಿದ್ದಲಿ, ಅವಳ ಕವನವನ್ನು ಅವನು ಕೇಳಿ ಎಲ್ಲಿ ಅರ್ಥವಾಗಲಿಲ್ಲವೆಂದು ಹೇಳಲಿ. ಊಟದ ರುಚಿ ಹೇಳುವುದಕ್ಕೆ ಅಡುಗೆ ಬಲ್ಲವನೇ ಆಗಬೇಕೆಂದಿಲ್ಲ. ಕವಿಗೋಷ್ಠಿಗಳನ್ನು ನಡೆಸುವವರು ಇಪ್ಪತ್ತು ಕವಿಗಳ ಬದಲು ಎಂಟು ಮಂದಿಯನ್ನು ಕರೆದು, ಉಳಿದ ಹೊತ್ತನ್ನು ಕವನಗಳ ಚರ್ಚೆಗೆ ಕೊಟ್ಟರೆ ಅದೂ ಒಂದು ಆರಂಭವೇ.

ಪತ್ರಿಕೆಯ ಪಾಲಿನ ಕರ್ತವ್ಯವನ್ನು ನಾವು ಮರೆಸಲಿಚ್ಛಿಸುವುದಿಲ್ಲ. ಮುಂದಿನ ತಿಂಗಳಿನಿಂದ, ನಮ್ಮ ಭಾನುವಾರದ ಪುಟಕ್ಕೆ ಬಂದು ಪ್ರಕಟಣೆಗೆ ಆಯ್ಕೆಯಾಗದ ಪ್ರತಿಯೊಂದು ಕಥೆಯ ಜೊತೆಗೂ ಕವನದ ಜೊತೆಗೂ, ಏಕೆ ಆಯ್ಕೆಯಾಗಲಿಲ್ಲವೆಂಬುದನ್ನು ಎರಡು ಸಾಲುಗಳಲ್ಲಿ ಬರೆದು ಹಿಂದಿರುಗಿಸುವೆವು. ಆ ಎರಡು ಸಾಲುಗಳನ್ನು ಒಪ್ಪದವರು ನಮಗೆ ನಾಲ್ಕು ಸಾಲು ಬರೆಯಬಹುದು; ಓದುವೆವು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಮಕ್ಕಳಿಗೆ ಅನ್ವಯಿಸುವಷ್ಟೇ ಹಸ್ತಪ್ರತಿಗೂ ಅನ್ವಯಿಸುತ್ತದೆ. ಈ ಸುಗ್ಗಿಯ ಕಾಲದಲ್ಲಿ ಯಾವ ಸಂಘವು ಮೊದಲು ತನ್ನ ಕೋಣೆಯ ಬೀಗದ ಕೈಯನ್ನು ಇಂತಹ ಕಾರ್ಯಕ್ಕೆ ಕೊಡುವುದೋ ಅಲ್ಲಿಗೆ ನಾವೂ ಬರಲು ಸಿದ್ಧರಿದ್ದೇವೆ. ಕಳುಹಿಸಿದ ಪ್ರತಿಗಳನ್ನು ಓದಿಕೊಂಡು, ಪೆನ್ಸಿಲು ಹಿಡಿದುಕೊಂಡು ಬರುವೆವು. ಶಾಲು ತರುವುದಿಲ್ಲ.